ಮನೆ ಕಂಪ್ಯೂಟರ್‌ಗೆ ಎರಡನೇ ಹಾರ್ಡ್ ಡಿಸ್ಕ್: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಕೇಳಿದವರಿದ್ದಾರೆ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಕೇಳಿದವರಿದ್ದಾರೆ. ಪುಣೆಯಿಂದ, ಮಡಗಾಂವ್‌ನಿಂದ ಫೋನ್ ಮಾಡಿ ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಹೆಚ್ಚಾಗಿ ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್‌ಗೆ ಸೇರಿದವು. ಮೊದಲೇ ಹೇಳಿಬಿಡುತ್ತೇನೆ, ಡಿಸ್ಕ್ ಕೂರಿಸೋದು ಕಷ್ಟದ ಕೆಲಸವೇ ಅಲ್ಲ. ಎಡವಟ್ಟು ಆಗುವುದು ಕೂರಿಸಿದ ಮೇಲೆ, ಪರದೆಯ ಮೇಲೆ ಬಂದದ್ದನ್ನು ಓದದೆ ಓಕೆ ಒತ್ತುವಾಗ.

## ಕೊಳ್ಳುವ ಮೊದಲು

ಸಿ ಡ್ರೈವ್ ಕೆಂಪಾಗಿದೆ. ಇನ್ನೊಂದು ಡಿಸ್ಕ್ ಹಾಕಿದ್ರೆ ಕಂಪ್ಯೂಟರ್ ಫಾಸ್ಟ್ ಆಗ್ತದಾ?

ಜಾಗ ಸಿಗುತ್ತದೆ, ವೇಗ ಸಿಗುವುದಿಲ್ಲ. ಸಿ ತುಂಬಿ ತುಳುಕುತ್ತಿದ್ದರೆ ಅದರಲ್ಲಿರುವ ಫೋಟೊ, ವಿಡಿಯೊ ಆಚೆ ಸಾಗಿಸಿದ ಮೇಲೆ ಸ್ವಲ್ಪ ಹಗುರಾಗಬಹುದು, ಅಷ್ಟೇ. ವಿಂಡೋಸ್ ಇನ್ನೂ ಹಳೇ ತಿರುಗುವ ಹಾರ್ಡ್ ಡಿಸ್ಕ್ ಮೇಲೇ ಓಡುತ್ತಿದ್ದರೆ ನನ್ನ ಸಲಹೆ ಬೇರೆ. ಹೊಸದಾಗಿ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆಯುವ ವೇಗದ ಡಿಸ್ಕ್) ತಂದು ವಿಂಡೋಸನ್ನು ಅದಕ್ಕೆ ಹಾಕಿ, ಈಗಿನ ಹಾರ್ಡ್ ಡಿಸ್ಕನ್ನೇ ಎರಡನೆಯದಾಗಿ ಇಟ್ಟುಕೊಳ್ಳಿ. ಒಂದೇ ಖರ್ಚಿನಲ್ಲಿ ಎರಡೂ ಕೆಲಸ ಆಗುತ್ತದೆ.

ಹಾರ್ಡ್ ಡಿಸ್ಕ್ ತಗೊಳ್ಳಲಾ, ಎಸ್‌ಎಸ್‌ಡಿ ತಗೊಳ್ಳಲಾ?

ಏನು ಇಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 200 ಎಂಬಿ ಓದುತ್ತದೆ. ಸಾಟಾ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಸೇರಿಸುವ ಮಾಮೂಲಿ ಬಗೆ) ಎಸ್‌ಎಸ್‌ಡಿ 550ರ ಹತ್ತಿರ ಹೋಗುತ್ತದೆ. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ಅದಕ್ಕೂ ಹಲವು ಪಟ್ಟು ಹೆಚ್ಚು. ಆದರೆ ಯಕ್ಷಗಾನದ ವಿಡಿಯೊ ನೋಡಲು 150 ಧಾರಾಳ ಸಾಕು. ಒಂದೇ ದುಡ್ಡಿಗೆ ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಸಿಗುತ್ತದೆ.

ಅಳತೆಗೆ ಒಂದು ಲೆಕ್ಕ ಹಿಡಿಯಿರಿ. ಹಳೇ ಹ್ಯಾಂಡಿಕ್ಯಾಮ್‌ನ ಮಿನಿ ಡಿವಿ ಕ್ಯಾಸೆಟ್ ಹಾಗೇ ಇಳಿಸಿದರೆ ಒಂದು ಗಂಟೆಗೆ ಸುಮಾರು 13 ಜಿಬಿ. 1 ಟಿಬಿಯಲ್ಲಿ 70 ಗಂಟೆಗೂ ಹೆಚ್ಚು ಹಿಡಿಸುತ್ತದೆ. ಮದುವೆ, ಉಪನಯನ, ಸಂಘದ ನಾಟಕ ಎಲ್ಲ ಸೇರಿಸಿದರೂ ಹೆಚ್ಚಿನ ಮನೆಗಳಿಗೆ 2 ಟಿಬಿ ಸಾಕು.

ಹಾರ್ಡ್ ಡಿಸ್ಕ್ ಅಂದಾಗ ಎಸ್‌ಎಂಆರ್, ಸಿಎಂಆರ್ ಎಂಬ ಎರಡು ಬಗೆ ಇವೆ. ಎಸ್‌ಎಂಆರ್‌ನಲ್ಲಿ ಬರೆಯುವ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರುತ್ತವೆ. ದೊಡ್ಡ ಕಾಪಿ ನಡೆಯುವಾಗ ಅದು ನಡುವೆ ತೀರಾ ನಿಧಾನ ಆಗಬಹುದು. ಇಟ್ಟು ನೋಡುವುದಕ್ಕೆ ಪರವಾಗಿಲ್ಲ. ದಿನಾ ಬರೆದು ಅಳಿಸುವ ಕೆಲಸ ಇದ್ದರೆ ಪಟ್ಟಿಗಳು ಹಾಗೆ ಹತ್ತಿ ಕೂರದ ಸಿಎಂಆರ್ ಕೇಳಿ ತಗೊಳ್ಳಿ.

ನಮ್ಮ ಡಬ್ಬದಲ್ಲಿ ಇನ್ನೊಂದಕ್ಕೆ ಜಾಗ ಇದೆಯಾ ಅಂತ ಹೇಗೆ ಗೊತ್ತಾಗೋದು?

ತೆರೆದೇ ನೋಡಬೇಕು. ಎದುರಿನಿಂದ ನೋಡಿದರೆ ಎಡಗಡೆ ಬರುವ ತಗಡು ಸಾಮಾನ್ಯವಾಗಿ ಹಿಂದಿನ ಎರಡು ಸ್ಕ್ರೂ ಬಿಚ್ಚಿದರೆ ಸರಿಯುತ್ತದೆ. ಒಳಗೆ ಮೂರು ವಿಷಯ ಹುಡುಕಿ: ಡಿಸ್ಕ್ ಕೂರಲು ಖಾಲಿ ಗೂಡು, ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್, ಎಸ್‌ಎಂಪಿಎಸ್‌ನಿಂದ (ಒಳಗಿನ ಎಲ್ಲ ಭಾಗಕ್ಕೂ ಕರೆಂಟ್ ಕೊಡುವ ಡಬ್ಬ) ಬರುವ ಸಾಟಾ ಪವರ್ ಪಿನ್. ಎರಡು ಇದ್ದು ಒಂದು ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಅಂಗಡಿಗೆ ಹೋಗುವ ಮುಂಚೆ ಒಳಗಿನದ್ದು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಅಲ್ಲಿ ಬಾಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ.

ಆಫೀಸಿನಿಂದ ಹರಾಜಿಗೆ ಬಂದ ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ 2.5 ಇಂಚಿನ ಡಿಸ್ಕ್ ಮಾತ್ರ ಹಿಡಿಸುತ್ತದೆ. ಇನ್ನು ಎಂ.2 ಕಿಂಡಿ (ಪಟ್ಟಿಯಂತಹ ಸಣ್ಣ ಎಸ್‌ಎಸ್‌ಡಿ ನೇರ ಬೋರ್ಡ್‌ಗೇ ಕೂರುವ ಜಾಗ) ಇದ್ದರೆ ಮದರ್‌ಬೋರ್ಡ್‌ನ ಪುಸ್ತಕ ನೋಡಿ. ಕೆಲವು ಕಿಂಡಿ ಎನ್‌ವಿಎಂಇ ಮಾತ್ರ ತಗೊಳ್ಳುತ್ತವೆ, ಕೆಲವು ಸಾಟಾ ಮಾತ್ರ. ಅದರಲ್ಲಿ ಎಸ್‌ಎಸ್‌ಡಿ ಹಾಕಿದಾಗ ಒಂದೋ ಎರಡೋ ಸಾಟಾ ಪೋರ್ಟ್ ಸುಮ್ನೆ ಬಂದ್ ಆಗುವ ಬೋರ್ಡ್‌ಗಳೂ ಇವೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗ್ತಾ ಇದ್ದೇನೆ. ಏನೇನು ನೋಡಿ ತಗೊಳ್ಳಬೇಕು ಮಾರಾಯ್ರೇ?

ಮುಂಬೈಯ ಈ ಕಂಪ್ಯೂಟರ್ ಪೇಟೆಗೆ ಗ್ರ್ಯಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಶಟರ್ ಇಳಿದಿರುತ್ತದೆ. ಪುಣೆಯವರಿಗೆ ಬುಧವಾರ್ ಪೇಠದ ತಪಕೀರ್ ಗಲ್ಲಿ ಇದೆ.

ಅಂಗಡಿಯವ 'ಬಿಲ್ ಚಾಹಿಯೇ ಕ್ಯಾ?' ಅಂತ ಕೇಳಿದರೆ ಪಕ್ಕಾ ಬಿಲ್ಲೇ ಬೇಕು ಅನ್ನಿ. ಜಿಎಸ್‌ಟಿ ಉಳಿಯುತ್ತದೆ ಅಂತ ಕಚ್ಚಾ ಚೀಟಿ ತಗೊಂಡು ಬಂದರೆ ವಾರಂಟಿ ಸಮಯದಲ್ಲಿ ಅದು ಹಪ್ಪಳ ಕಟ್ಟಲೂ ಆಗುವುದಿಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಅದೇ ನಂಬರನ್ನು ಅಲ್ಲೇ ನಿಂತು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಎಷ್ಟು ಉಳಿದಿದೆ ನೋಡಿ. ಹೊಸದೆಂದು ಕೊಟ್ಟದ್ದರ ವಾರಂಟಿ ಮುಗಿದಿದ್ದರೆ ಅದು ಹೊಸದಲ್ಲ. ಸಿಸಿಟಿವಿಯಲ್ಲಿ ವರ್ಷಗಟ್ಟಲೆ ಹಗಲೂ ರಾತ್ರಿ ಓಡಿದ ಡಿಸ್ಕ್‌ಗಳು ಒರೆಸಿ, ಹೊಸ ಕವರ್ ಹಾಕಿಸಿಕೊಂಡು ಬರುತ್ತವೆ. ಮನೆಗೆ ತಂದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ 'ಪವರ್ ಆನ್ ಅವರ್ಸ್' ನೋಡಿ. ಹೊಸ ಡಿಸ್ಕ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಆ ಅಂಕಿಯನ್ನೂ ತಿದ್ದುವವರಿದ್ದಾರೆ, ಆದ್ದರಿಂದ ವಾರಂಟಿ ನೋಡುವುದನ್ನು ಮಾತ್ರ ಬಿಡಬೇಡಿ.

ಸಾಟಾ ಕೇಬಲ್ ಮತ್ತು ನಾಲ್ಕು ಸ್ಕ್ರೂ ಅಲ್ಲೇ ಕೇಳಿ ತಗೊಳ್ಳಿ, ಬಿಡಿ ಡಿಸ್ಕ್ ಜೊತೆ ಬರುವುದಿಲ್ಲ. 3.5 ಇಂಚಿನದ್ದಕ್ಕೂ 2.5 ಇಂಚಿನದ್ದಕ್ಕೂ ಸ್ಕ್ರೂ ಬೇರೆ ಬೇರೆ. ಮತ್ತೆ, ಸಂಜೆ ಆರೂವರೆಯ ಫಾಸ್ಟ್ ಲೋಕಲ್‌ನಲ್ಲಿ ಹಾರ್ಡ್ ಡಿಸ್ಕ್ ತರುವ ಸಾಹಸ ಬೇಡ. ಮಧ್ಯಾಹ್ನವೇ ಹೊರಡಿ, ಬ್ಯಾಗನ್ನು ಎದೆಗೆ ಅವಚಿಕೊಳ್ಳಿ.

## ಕೂರಿಸುವಾಗ

ನಾನು ಸ್ಕ್ರೂಡ್ರೈವರ್ ಹಿಡಿದವನೇ ಅಲ್ಲ. ಶಾಕ್ ಹೊಡೆಯುತ್ತಾ?

ಶಟ್‌ಡೌನ್ ಮಾಡಿ, ಹಿಂದಿನ ಸ್ವಿಚ್ ಆರಿಸಿ, ಗೋಡೆಯಿಂದ ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಇಳಿದುಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯದಷ್ಟು ಕರೆಂಟ್ ಉಳಿದಿರುತ್ತದೆ. ಬೇರೆಲ್ಲೂ ನಿಮಗೆ ಅಪಾಯ ಇಲ್ಲ.

ನಿಮ್ಮಿಂದ ಡಿಸ್ಕ್‌ಗೆ ಆಗುವ ಅಪಾಯ ಬೇರೆ. ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಚಿಪ್ ಸುಡಬಹುದು. ಮುಂಬೈ ಸೆಕೆಯಲ್ಲಿ, ಗೋವಾದ ತೇವದಲ್ಲಿ ಅದರ ಕಾಟ ಕಡಿಮೆ. ಪುಣೆಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿ ಕೂತರೆ ಜಾಸ್ತಿ. ಡಿಸ್ಕ್ ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿ. ಹಸಿರು ಬೋರ್ಡ್ ಮುಟ್ಟದೆ ಅಂಚು ಹಿಡಿಯಿರಿ.

ಯಾವ ಕೇಬಲ್ ಎಲ್ಲಿಗೆ? ತಲೆಕೆಳಗೆ ಹಾಕಿದ್ರೆ ಸುಟ್ಟುಹೋಗುತ್ತಾ?

ಎರಡೇ ಕೇಬಲ್. ಕಿರಿದಾದದ್ದು ಡೇಟಾ, 7 ಪಿನ್. ಒಂದು ತುದಿ ಡಿಸ್ಕ್‌ಗೆ, ಇನ್ನೊಂದು ಮದರ್‌ಬೋರ್ಡ್‌ಗೆ. ಅಗಲದ್ದು ಪವರ್, 15 ಪಿನ್. ಎಸ್‌ಎಂಪಿಎಸ್‌ನಿಂದ ನೇರ ಡಿಸ್ಕ್‌ಗೆ. ಎರಡರ ಬಾಯಿಯೂ ಒಂದು ಕಡೆ ಮಡಚಿದ ಮೂಲೆಯಂತೆ ಇರುತ್ತದೆ, ತಲೆಕೆಳಗೆ ಹೋಗುವುದೇ ಇಲ್ಲ. ಹೋಗದಿದ್ದರೆ ಒತ್ತಬೇಡಿ, ತಿರುಗಿಸಿ. ಜೋರು ಮಾಡಿದರೆ ಡಿಸ್ಕ್ ಕಡೆಯ ಆ ತೆಳ್ಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ.

ಹಾರ್ಡ್ ಡಿಸ್ಕನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿ ಮಾಡಿ. ಒಳಗೆ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ, ಸಡಿಲ ಇದ್ದರೆ ಕ್ಯಾಬಿನೆಟ್ ಪೂರ್ತಿ ಗುಂಯ್‌ಗುಡುತ್ತದೆ. ಮೈಮೇಲೆ ಒಂದು ಪುಟ್ಟ ತೂತು, ಪಕ್ಕದಲ್ಲಿ 'ಈ ತೂತು ಮುಚ್ಚಬೇಡಿ' ಎಂಬ ಇಂಗ್ಲಿಷ್ ಎಚ್ಚರಿಕೆ ಕಾಣಬಹುದು. ಅದು ಒಳಗಿನ ಗಾಳಿಯ ಒತ್ತಡ ಸರಿಮಾಡುವ ಕಿಂಡಿ. ಅದರ ಮೇಲೆ ಹೆಸರಿನ ಸ್ಟಿಕರ್ ಅಂಟಿಸಬೇಡಿ.

ಪವರ್ ಪಿನ್ ಖಾಲಿ ಇಲ್ಲ. ಸ್ಪ್ಲಿಟರ್ ಹಾಕಬಹುದಾ?

ಹಾಕಬಹುದು, ಸಾಟಾದಿಂದ ಸಾಟಾಗೆ ಒಡೆಯುವ ಒಳ್ಳೆಯದ್ದು. ಹಳೇ ನಾಲ್ಕು ಪಿನ್‌ನ ಮೋಲೆಕ್ಸ್‌ನಿಂದ ಸಾಟಾ ಮಾಡುವ ಅಗ್ಗದ ಅಡಾಪ್ಟರ್‌ಗಳಲ್ಲಿ ಎಚ್ಚರ. ವೈರನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದು ಮುಚ್ಚಿದ ಬಗೆಯಲ್ಲಿ ಒಳಗೇ ವೈರ್ ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ್ದುಂಟು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೇಬಲ್ ಕಳಚಿ ಹಾಕಬಲ್ಲ ಎಸ್‌ಎಂಪಿಎಸ್ ಇದ್ದರೆ ಅದರದೇ ಕೇಬಲ್ ಬಳಸಿ. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ನೋಡಲು ಒಂದೇ ತರ ಇರುತ್ತದೆ, ಬಾಯಿಗೂ ಕೂರುತ್ತದೆ. ಆದರೆ ಪಿನ್‌ಗಳ ಕ್ರಮ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಸ್ವಿಚ್ ಹಾಕಿದ ಕ್ಷಣಕ್ಕೇ ಡಿಸ್ಕ್ ಸತ್ತಿತು.

ಅಪ್ಪನ ಕಾಲದ ಡಿಸ್ಕ್. ಅಗಲ ಪಟ್ಟಿ ಕೇಬಲ್ ಇದೆ, ಹಿಂದೆ ಏನೋ ಸಣ್ಣ ಜಂಪರ್ ಬೇರೆ.

ಅದು ಐಡಿಇ, ಡಿಸ್ಕ್‌ನ ಹಿಂದೆ 40 ಪಿನ್ ಜಾಗ. ಒಂದೇ ಪಟ್ಟಿಗೆ ಎರಡು ಡಿಸ್ಕ್ ಕಟ್ಟುತ್ತಿದ್ದರು, ಯಾವುದು ಮಾಸ್ಟರ್, ಯಾವುದು ಸ್ಲೇವ್ ಅಂತ ಜಂಪರ್ ಹೇಳುತ್ತಿತ್ತು. ಸಾಟಾದಲ್ಲಿ ಆ ರಗಳೆ ಇಲ್ಲ. ಹಳೆಯದನ್ನು ಒಳಗೆ ಕೂರಿಸಲು ಹೆಣಗಬೇಡಿ. ಐಡಿಇಯಿಂದ ಯುಎಸ್‌ಬಿ ಮಾಡುವ ಅಡಾಪ್ಟರ್, ಅದರದೇ ಪವರ್ ಇರುವುದು, ತಂದು ಒಮ್ಮೆ ಕಾಪಿ ಮಾಡಿಕೊಂಡು ಡಿಸ್ಕನ್ನು ಎತ್ತಿಡಿ.

## ವಿಂಡೋಸ್‌ಗೆ ಪರಿಚಯಿಸುವಾಗ

ಎಲ್ಲ ಸರಿಯಾಗಿ ಹಾಕಿದ್ದೇನೆ. ದಿಸ್ ಪಿಸಿಯಲ್ಲಿ ಕಾಣ್ತಾನೇ ಇಲ್ಲ!

ಹೊಸ ಡಿಸ್ಕ್ ಆದರೆ ಕಾಣಬಾರದು, ಅದೇ ಸರಿ. ಅದರಲ್ಲಿ ಇನ್ನೂ ಪಾರ್ಟಿಷನ್, ಅಂದರೆ ಫೈಲ್ ಇಡಲು ಗುರುತು ಹಾಕಿದ ಭಾಗ, ಇಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಕೆಳಗಡೆ 'ಡಿಸ್ಕ್ 1, ನಾಟ್ ಇನಿಶಿಯಲೈಸ್ಡ್' ಎಂದೂ ಪಕ್ಕದಲ್ಲಿ ಕಪ್ಪು ಪಟ್ಟಿಯ ಕೆಳಗೆ 'ಅನ್‌ಅಲೊಕೇಟೆಡ್' ಎಂದೂ ಇರುತ್ತದೆ. ಗಾತ್ರ ನೋಡಿ ಇದು ಹೊಸದೇ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಇನಿಶಿಯಲೈಸ್, ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ ಇಡುವ ಹೊಸ ಬಗೆ, ಹಳೆಯದು ಎಂಬಿಆರ್). ಕಪ್ಪು ಪಟ್ಟಿ ಮೇಲೆ ರೈಟ್ ಕ್ಲಿಕ್, 'ನ್ಯೂ ಸಿಂಪಲ್ ವಾಲ್ಯೂಮ್', ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ರೀತಿ). ಹೆಸರು ಕೇಳಿದಾಗ 'ನ್ಯೂ ವಾಲ್ಯೂಮ್' ಎಂದೇ ಬಿಡಬೇಡಿ. ಕನ್ನಡದಲ್ಲೂ ಬರೆಯಬಹುದು. ಮುಂದೆ ಮೂರು ಡಿಸ್ಕ್ ಆದಾಗ ಹೆಸರೇ ನಿಮ್ಮನ್ನು ಕಾಯುತ್ತದೆ.

'ಕ್ವಿಕ್ ಫಾರ್ಮ್ಯಾಟ್' ಟಿಕ್ ಇದ್ದರೆ ಕ್ಷಣದಲ್ಲಿ ಮುಗಿಯುತ್ತದೆ. ಸೆಕೆಂಡ್‌ಹ್ಯಾಂಡ್ ಹಾರ್ಡ್ ಡಿಸ್ಕ್ ಆದರೆ ಆ ಟಿಕ್ ತೆಗೆಯಿರಿ. ಆಗ ಮೂಲೆ ಮೂಲೆಗೂ ಬರೆದು ಕೆಟ್ಟ ಜಾಗ ಹುಡುಕುತ್ತದೆ. 4 ಟಿಬಿಗೆ ಏಳೆಂಟು ಗಂಟೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಕಾಣದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ನೋಡಿ. ಅಲ್ಲೂ ಇಲ್ಲವೆಂದರೆ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ.

ಹಳೇ ಕಂಪ್ಯೂಟರ್‌ನ ಡಿಸ್ಕ್ ಹಾಕಿದೆ. 'ಇನಿಶಿಯಲೈಸ್ ಮಾಡಬೇಕು' ಅಂತಿದೆ. ಓಕೆ ಒತ್ತಲಾ?

ಬೇಡ. ಒಳಗೆ ನಿಮಗೆ ಬೇಕಾದ ಫೋಟೊ ಇದ್ದರೆ ಕ್ಯಾನ್ಸಲ್ ಒತ್ತಿ. ಹೊಸ ಡಿಸ್ಕ್‌ಗೆ ಸರಿಯಾದ ಉತ್ತರ ಹಳೇ ಡಿಸ್ಕ್‌ಗೆ ತಪ್ಪು ಉತ್ತರ. ಸಂದೇಶ ಮಾತ್ರ ಎರಡಕ್ಕೂ ಒಂದೇ.

ಇನಿಶಿಯಲೈಸ್ ಅಂದರೆ ಸೊಸೈಟಿ ಗೇಟಿನ ಹತ್ತಿರ ಇರುವ ಹೆಸರಿನ ಬೋರ್ಡ್ ಕಿತ್ತು ಖಾಲಿ ಬೋರ್ಡ್ ಹಾಕಿದಂತೆ. ಮನೆಯವರೆಲ್ಲ ಒಳಗೇ ಇರುತ್ತಾರೆ, ಯಾರು ಎಲ್ಲಿ ಅನ್ನುವುದು ಪೋಸ್ಟ್‌ಮ್ಯಾನ್‌ಗೆ ತಿಳಿಯುವುದಿಲ್ಲ. ಅಷ್ಟಕ್ಕೇ ನಿಂತರೆ ರಿಕವರಿ ಸಾಫ್ಟ್‌ವೇರ್ ಹುಡುಕಿ ಕೊಡಬಹುದು. ಮೇಲೆ ಫಾರ್ಮ್ಯಾಟ್ ಮಾಡಿ, ಹೊಸ ಫೈಲ್ ಬರೆದರೆ ಆ ಜಾಗದಲ್ಲಿದ್ದ ಹಳೆಯದು ಹೋಯಿತು.

ಡಿಸ್ಕ್‌ನಲ್ಲಿ ಎಲ್ಲ ಇದ್ದೂ ವಿಂಡೋಸ್ ಹೀಗೆ ಹೇಳಲು ಕಾರಣಗಳಿವೆ. ಕೆಲವು ಯುಎಸ್‌ಬಿ ಡಬ್ಬಗಳು ಸೆಕ್ಟರ್ (ಡಿಸ್ಕ್‌ನ ಅತಿ ಸಣ್ಣ ತುಂಡು) ಲೆಕ್ಕವನ್ನು ಬದಲಿಸಿ ತೋರಿಸುತ್ತವೆ. ಅದರೊಳಗೆ ಫಾರ್ಮ್ಯಾಟ್ ಆದ ಡಿಸ್ಕನ್ನು ನೇರ ಸಾಟಾಗೆ ಹಾಕಿದರೆ ಓದಲಾಗದು, ಮತ್ತೆ ಅದೇ ಡಬ್ಬಕ್ಕೆ ಹಾಕಿದರೆ ಎಲ್ಲ ಪ್ರತ್ಯಕ್ಷ. ಸಿಸಿಟಿವಿ ಡಿಸ್ಕ್ ತನ್ನದೇ ರೀತಿಯಲ್ಲಿ ಬರೆದಿರುತ್ತದೆ. ಇಲ್ಲವೇ ಡಿಸ್ಕ್‌ನ ಮೊದಲ ಭಾಗವೇ ಕೆಡುತ್ತಿರಬಹುದು. 'ಫಾರ್ಮ್ಯಾಟ್ ಮಾಡಿದರೆ ಮಾತ್ರ ಬಳಸಬಹುದು' ಎಂದು ಬಂದರೂ ಇದೇ ಮಾತು, ಕ್ಯಾನ್ಸಲ್. 'ಫಾರಿನ್' ಅಂತ ತೋರಿಸಿದರೆ ಅದು ಬೇರೆ ಕಂಪ್ಯೂಟರ್‌ನಲ್ಲಿ 'ಡೈನಾಮಿಕ್' ಎಂಬ ಬೇರೆ ಬಗೆಯಲ್ಲಿ ಜೋಡಿಸಿದ ಡಿಸ್ಕ್. ರೈಟ್ ಕ್ಲಿಕ್‌ನಲ್ಲಿ 'ಇಂಪೋರ್ಟ್' ಇರುತ್ತದೆ, 'ಕನ್ವರ್ಟ್ ಟು ಬೇಸಿಕ್' ಒತ್ತಬೇಡಿ.

1 ಟಿಬಿಗೆ ದುಡ್ಡು ಕೊಟ್ಟೆ, 931 ಜಿಬಿ ತೋರಿಸ್ತಿದೆ. ಮೋಸ ಅಲ್ವಾ?

ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಬೈಟ್‌ಗಳು ಅಷ್ಟೇ ಇವೆ.

ಎಂಬಿಆರ್, ಜಿಪಿಟಿ, ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್... ಯಾವುದು ಒತ್ತೋದು?

ಒಳಗಿನ ಡಿಸ್ಕ್‌ಗೆ ಜಿಪಿಟಿ ಮತ್ತು ಎನ್‌ಟಿಎಫ್‌ಎಸ್. ಎಂಬಿಆರ್ ಸಾಮಾನ್ಯವಾಗಿ 2 ಟಿಬಿ ಆಚೆಗಿನ ಜಾಗ ಕಾಣದು. ಡಿಸ್ಕನ್ನು ಎಕ್ಸ್‌ಪಿ ಕಂಪ್ಯೂಟರ್‌ಗೂ ಹಾಕುತ್ತೇನೆ ಅನ್ನುವವರಿಗೆ ಮಾತ್ರ ಎಂಬಿಆರ್ ಬೇಕಾದೀತು. ಟಿವಿಗೆ, ಮ್ಯಾಕ್‌ಗೆ ಚುಚ್ಚಿ ತಿರುಗಾಡಿಸುವ ಯುಎಸ್‌ಬಿ ಡಿಸ್ಕ್ ಆದರೆ ಎಕ್ಸ್‌ಫ್ಯಾಟ್. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಸುವುದಿಲ್ಲ, ಇಡೀ ರಾತ್ರಿಯ ಯಕ್ಷಗಾನ ಅಲ್ಲೇ ನಿಲ್ಲುತ್ತದೆ.

ಎಷ್ಟು ಪಾರ್ಟಿಷನ್ ಅಂತಲೂ ಇದರ ಜೊತೆಗೇ ಕೇಳುತ್ತಾರೆ. ಒಂದೇ ಸಾಕು. ಡಿ, ಇ, ಎಫ್ ಅಂತ ತುಂಡು ಮಾಡಿದರೆ ಒಂದು ತುಂಬಿ ಇನ್ನೊಂದು ಖಾಲಿ ಬಿದ್ದಿರುತ್ತದೆ. ಬೇರೆ ಬೇರೆ ಇಡಲು ಫೋಲ್ಡರ್ ಇದೆಯಲ್ಲ.

ಸಿ ಯಲ್ಲಿರೋದನ್ನ ಹೊಸದಕ್ಕೆ ಕಟ್ ಪೇಸ್ಟ್ ಮಾಡಿದ್ರೆ ಆಯ್ತಾ?

ಫೋಟೊ, ವಿಡಿಯೊಗೆ ಆಯ್ತು. ಆದರೂ ಕಟ್ ಬೇಡ. ಕಾಪಿ ಮಾಡಿ, ನಾಲ್ಕು ಕಡೆ ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ. 'ಪ್ರೋಗ್ರಾಂ ಫೈಲ್ಸ್' ಮತ್ತು 'ವಿಂಡೋಸ್' ಫೋಲ್ಡರ್ ಮುಟ್ಟಲೇಬೇಡಿ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನೇ ಶಾಶ್ವತವಾಗಿ ಸಾಗಿಸಲು ಅವುಗಳ ಪ್ರಾಪರ್ಟೀಸ್‌ನಲ್ಲಿ 'ಲೊಕೇಶನ್' ಟ್ಯಾಬ್ ಇದೆ. ಮೊದಲು ಹೊಸ ಡಿಸ್ಕ್‌ನಲ್ಲಿ (ಅದನ್ನು ಡಿ ಅನ್ನೋಣ) ಒಂದು ಫೋಲ್ಡರ್ ಮಾಡಿ ಅದನ್ನು ತೋರಿಸಿ. ಬರೀ ಡಿ ಡ್ರೈವನ್ನೇ ತೋರಿಸಿದರೆ ಇಡೀ ಡ್ರೈವ್ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ, ಬಿಡಿಸಲು ತಲೆನೋವು. ಒನ್‌ಡ್ರೈವ್ ಆ ಫೋಲ್ಡರ್‌ಗಳನ್ನು ಹಿಡಿದುಕೊಂಡಿದ್ದರೆ ಅದರ ಬ್ಯಾಕಪ್ ನಿಲ್ಲಿಸಿ ಆಮೇಲೆ ಸಾಗಿಸಿ.

ಸಂಘದ ಹಳೇ ಲೇಖನಗಳು ಹೊಸ ಡಿಸ್ಕ್‌ಗೆ ಬಂದವು. ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಂದ ಹಾಗೆ ಕಾಣ್ತದೆ. ಡಿಸ್ಕ್ ಹಾಳಾ?

ಡಿಸ್ಕ್ ಸರಿ ಇದೆ, ಲೇಖನವೂ ಸರಿ ಇದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್, ಫೋನ್‌ಗೂ ಒಂದೇ ಆದ ಅಕ್ಷರ ಸಂಕೇತ) ಮೊದಲಿನ ರೀತಿಯಲ್ಲಿ ಟೈಪ್ ಮಾಡಿದ್ದು ಅದು. ಫೈಲ್‌ನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಸಂಕೇತವೇ. ಅದನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟ್. ನೀವು ಫೈಲ್ ತಂದಿರಿ, ಫಾಂಟ್ ಹಳೇ ಸಿ ಡ್ರೈವ್‌ನಲ್ಲೇ ಉಳಿಯಿತು.

ಹಳೇ ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನೊಳಗೆ 'ಫಾಂಟ್ಸ್' ಇದೆ. ಅಲ್ಲಿ ನುಡಿ ಅಥವಾ ಬಿಆರ್‌ಎಚ್ ಎಂದು ಶುರುವಾಗುವ ಫೈಲ್‌ಗಳನ್ನು ತಂದು ಹೊಸ ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಕನ್ನಡ ಮರಳಿ ಬರುತ್ತದೆ. ಆದ್ದರಿಂದಲೇ ಹಳೇ ಡಿಸ್ಕನ್ನು ಅವಸರದಲ್ಲಿ ಒರೆಸಬೇಡಿ ಅನ್ನುವುದು. ಅಲ್ಲಿಗೇ ನಿಲ್ಲಿಸಬೇಡಿ, ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಪರಿವರ್ತಿಸಿದ ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಮೂಲವನ್ನೂ ಉಳಿಸಿ. ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ಕೆಡುತ್ತವೆ, ಒಮ್ಮೆ ಓದಿ ತಿದ್ದಬೇಕು. ಬೇಸರದ ಕೆಲಸ ಹೌದು. ಆದರೆ ಆಮೇಲೆ ಒಂದು ಹೆಸರು ಕೊಟ್ಟು ಹುಡುಕಿದರೆ ಸಿಗುತ್ತದೆ, ಫೋನಿನಲ್ಲೂ ಓದಬಹುದು.

## ಹಾಕಿ ಸ್ವಲ್ಪ ದಿನ ಆದಮೇಲೆ

ಎರಡನೇ ಡಿಸ್ಕ್ ಇದೆಯಲ್ಲ, ಬ್ಯಾಕಪ್ ಆಯ್ತಲ್ವಾ?

ಆಗಲಿಲ್ಲ. ಸಿ ಯಿಂದ ಡಿ ಗೆ ಸಾಗಿಸಿದ ಫೋಟೊ ಈಗಲೂ ಒಂದೇ ಪ್ರತಿ. ಎರಡರಲ್ಲೂ ಇಟ್ಟರೆ ಒಂದು ಡಿಸ್ಕ್ ಕೆಟ್ಟಾಗ ಇನ್ನೊಂದು ಉಳಿಯುತ್ತದೆ, ಅಷ್ಟು ಲಾಭ ನಿಜ. ಆದರೆ ಎಸ್‌ಎಂಪಿಎಸ್ ಸುಟ್ಟರೆ, ವೈರಸ್ ಬಂದು ಫೈಲ್‌ಗಳಿಗೆ ಬೀಗ ಹಾಕಿದರೆ, ಮನೆಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಮೇಜಿನ ಕೆಳಗಿದ್ದ ಕ್ಯಾಬಿನೆಟ್‌ಗೆ ಎರಡು ಡಿಸ್ಕ್ ಇದ್ದರೇನು, ನಾಲ್ಕಿದ್ದರೇನು? ರೇಡ್ (ಎರಡು ಡಿಸ್ಕ್‌ಗೂ ಒಂದೇ ಸಲ ಒಂದೇ ಪ್ರತಿ ಬರೆಯುವ ಜೋಡಣೆ) ಹಾಕಿದ್ದೇನೆ ಅನ್ನುವವರಿಗೂ ಇದೇ ಉತ್ತರ. ಕೈತಪ್ಪಿ ಅಳಿಸಿದ್ದನ್ನು ರೇಡ್ ಎರಡೂ ಕಡೆ ನಿಷ್ಠೆಯಿಂದ ಅಳಿಸುತ್ತದೆ.

ಮುಖ್ಯವಾದದ್ದು ಮೂರು ಕಡೆ ಇರಲಿ: ಕಂಪ್ಯೂಟರ್‌ನಲ್ಲಿ, ಕಪಾಟಿನಲ್ಲಿಟ್ಟ ಯುಎಸ್‌ಬಿ ಡಿಸ್ಕ್‌ನಲ್ಲಿ, ಮತ್ತು ಇನ್ನೊಂದು ಊರಿನಲ್ಲಿ. ನಮಗೆ ಈ ಮೂರನೆಯದು ಸುಲಭ. ಹೇಗೂ ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲು ಹತ್ತುತ್ತೀರಿ. ಒಂದು ಡಿಸ್ಕ್ ಬ್ಯಾಗಿಗೆ ಹಾಕಿ ಉಡುಪಿ ಮನೆಯ ಕಪಾಟಿನಲ್ಲಿಟ್ಟು, ಕಳೆದ ವರ್ಷ ಇಟ್ಟದ್ದನ್ನು ತನ್ನಿ. ಇದಕ್ಕೆ ಹಾರ್ಡ್ ಡಿಸ್ಕೇ ಒಳ್ಳೆಯದು. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಬಿಟ್ಟರೆ ಒಳಗಿನದ್ದು ನಿಧಾನಕ್ಕೆ ಮಾಸಬಹುದು.

ಮಳೆಗಾಲದಲ್ಲಿ ಡಿಸ್ಕ್ ಆಗಾಗ ಮಾಯ ಆಗ್ತದೆ, ಮತ್ತೆ ಬರ್ತದೆ. ಯಾಕೆ?

ಹೆಚ್ಚಾಗಿ ಕೇಬಲ್‌ನ ಬಾಯಿ. ಕಡಲ ತೀರದ ಗಾಳಿಯಲ್ಲಿ ತೇವದ ಜೊತೆ ಉಪ್ಪೂ ಇರುತ್ತದೆ, ಲೋಹದ ಪಿನ್‌ಗಳನ್ನು ಅದು ತಿನ್ನುತ್ತದೆ. ಕಂಪ್ಯೂಟರ್ ಆರಿಸಿ ಎರಡೂ ಕೇಬಲ್ ತೆಗೆದು ಎರಡು ಮೂರು ಸಲ ಹಾಕಿ ತೆಗೆಯಿರಿ. ಹೋಗದಿದ್ದರೆ ಸಾಟಾ ಕೇಬಲ್ ಹೊಸದು ಹಾಕಿ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ 'ಸಿಆರ್‌ಸಿ ಎರರ್' ಲೆಕ್ಕ ಏರುತ್ತಿದ್ದರೆ ಕೇಬಲ್ ಮೇಲೇ ಅನುಮಾನ ಪಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪ್ಯೂಟರನ್ನು ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಒಳಗಿಂದ ಕಟ್ ಕಟ್ ಅಂತ ಸದ್ದು ಬರ್ತಿದೆ. ಚೆಕ್ ಡಿಸ್ಕ್ ಓಡಿಸಲಾ?

ಓಡಿಸಬೇಡಿ. ಒಂದೇ ತಾಳದಲ್ಲಿ ಕಟ್ ಕಟ್ ಅಂದರೆ ಓದುವ ತಲೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಹಿಂದೆ ಬರುತ್ತಿದೆ. ಡಿಸ್ಕ್ ಪರೀಕ್ಷಿಸಲು ವಿಂಡೋಸ್‌ನಲ್ಲೇ ಇರುವ ಚೆಕ್ ಡಿಸ್ಕ್ ಅದನ್ನು ಇನ್ನಷ್ಟು ದುಡಿಸುತ್ತದೆ. ಅತಿ ಮುಖ್ಯವಾದದ್ದನ್ನು ಮೊದಲು ಕಾಪಿ ಮಾಡಿ. ಕಾಪಿಯೂ ಆಗದಿದ್ದರೆ ಆರಿಸಿಬಿಡಿ. ಬೆಲೆಕಟ್ಟಲಾಗದ್ದು ಏನಾದರೂ ಇದ್ದರೆ ಡೇಟಾ ರಿಕವರಿಯವರ ಹತ್ತಿರ ಹೋಗಿ. ಫ್ರಿಜ್‌ನಲ್ಲಿಡುವ ಉಪಾಯ ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ನಮ್ಮ ಹವೆಯಲ್ಲಿ ಹೊರ ತೆಗೆದ ಕೂಡಲೇ ಅದು ಬೆವರುತ್ತದೆ.

ಸದ್ದಿಲ್ಲದೆಯೂ ಡಿಸ್ಕ್ ಸೂಚನೆ ಕೊಡುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ 'ರೀಅಲೊಕೇಟೆಡ್' ಮತ್ತು 'ಕರೆಂಟ್ ಪೆಂಡಿಂಗ್' ಸೆಕ್ಟರ್‌ಗಳ ಅಂಕಿ ಸೊನ್ನೆ ಬಿಟ್ಟು ವಾರ ವಾರ ಏರುತ್ತಿದ್ದರೆ ಹೊಸದಕ್ಕೆ ಹುಡುಕಲು ಶುರು ಮಾಡಿ.

ಎಕ್ಸ್‌ಟರ್ನಲ್ ಡಿಸ್ಕ್ ಬಿಚ್ಚಿ ಒಳಗೇ ಹಾಕಬಹುದಾ ಅಣ್ಣಾ? ಅಗ್ಗಕ್ಕೆ ಸಿಕ್ಕಿತ್ತು.

ಬಿಚ್ಚಿದ ಕೂಡಲೇ ವಾರಂಟಿ ಮಾತು ಕಷ್ಟ. ಜೇಬಿಗೆ ಹಿಡಿಸುವ 2.5 ಇಂಚಿನವುಗಳಲ್ಲಿ ಎಷ್ಟೋ ಡಿಸ್ಕ್‌ಗಳಿಗೆ ಸಾಟಾ ಬಾಯಿಯೇ ಇರುವುದಿಲ್ಲ, ಯುಎಸ್‌ಬಿ ನೇರ ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ. ಕೆಲವು ಡಬ್ಬಗಳು ತಾವೇ ಎನ್‌ಕ್ರಿಪ್ಟ್ ಮಾಡಿ (ಗುಟ್ಟಿನ ಸಂಕೇತಕ್ಕೆ ಬದಲಿಸಿ) ಬರೆಯುತ್ತವೆ. ಹೊರ ತೆಗೆದರೆ ಹಳೇ ಫೈಲ್ ಒಂದೂ ಓದಲಾಗದು. ದೊಡ್ಡ 3.5 ಇಂಚಿನವು ಹೆಚ್ಚಾಗಿ ಮಾಮೂಲಿ ಸಾಟಾ. ಅವುಗಳಲ್ಲೂ ಕೆಲವು ಹಳೇ ಎಸ್‌ಎಂಪಿಎಸ್‌ಗೆ ಹಾಕಿದಾಗ ತಿರುಗುವುದೇ ಇಲ್ಲ. ಪವರ್‌ನ 3ನೇ ಪಿನ್‌ಗೆ 3.3 ವೋಲ್ಟ್ ಬಂದರೆ ನಿಂತಿರು ಅನ್ನುವ ಸೂಚನೆ ಎಂದು ಹೊಸ ಡಿಸ್ಕ್ ತಿಳಿಯುತ್ತದೆ. ಆ 3.3 ವೋಲ್ಟ್ ತಂತಿಯೇ ಇಲ್ಲದ ಒಳ್ಳೆಯ ಮೋಲೆಕ್ಸ್ ಅಡಾಪ್ಟರ್ ಹಾಕಿದರೆ ತಿರುಗುತ್ತದೆ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದೆ. ಹಳೇ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳೋದೇ ಇಲ್ಲ.

ವಿಂಡೋಸ್ ಹಾಕುವಾಗ ಎರಡೂ ಡಿಸ್ಕ್ ಒಳಗಿದ್ದವು, ಅಲ್ವಾ? ಹಳೆಯದರಲ್ಲಿ ಆಗಲೇ ಬೂಟ್ ಪಾರ್ಟಿಷನ್ ಇದ್ದರೆ ಇನ್‌ಸ್ಟಾಲರ್ ಅದನ್ನೇ ಬಳಸಿಕೊಂಡುಬಿಡಬಹುದು. ವಿಂಡೋಸ್ ಹೊಸದರಲ್ಲಿ, ಎಬ್ಬಿಸುವ ಭಾಗ ಹಳೆಯದರಲ್ಲಿ. ಸದ್ಯಕ್ಕೆ ಹಳೆಯದನ್ನು ಮತ್ತೆ ಹಾಕಿ, ಏಳುತ್ತದೆ. ಹೊಸದರಲ್ಲಿ ಬೂಟ್ ಪಾರ್ಟಿಷನ್ ಕಟ್ಟುವ ದಾರಿ ಇದೆ, ಆದರೆ ಕಮಾಂಡ್‌ಗಳ ಕೆಲಸ. ಇನ್ನೂ ಏನೂ ತುಂಬಿಲ್ಲದಿದ್ದರೆ ಹಳೇ ಡಿಸ್ಕ್‌ನ ಕೇಬಲ್ ಕಳಚಿ ವಿಂಡೋಸನ್ನು ಇನ್ನೊಮ್ಮೆ ಹಾಕುವುದೇ ಬೇಗ ಮುಗಿಯುತ್ತದೆ. ವಿಂಡೋಸ್ ಎದ್ದು ನಿಂತ ಮೇಲೆ ಆರಿಸಿ, ಕೇಬಲ್ ಮತ್ತೆ ಚುಚ್ಚಿ, ಬಯಾಸ್‌ನಲ್ಲಿ ಬೂಟ್ ಪಟ್ಟಿಯ ಮೇಲೆ ಹೊಸದೇ ಇದೆಯಾ ನೋಡಿಕೊಳ್ಳಿ.